ಔಷಧದಾನವೂ ಅಭಯದಾನವೂ

ಬೆಳಗಾವಿಯ ದಕ್ಷಿಣದ ಅಂಚಿನಲ್ಲಿ, ಶಹಾಪುರಕ್ಕೆ ಹತ್ತಿಕೊಂಡಂತೆ, ವಡಗಾವಿಯೆಂಬ ನೇಕಾರರ ಊರುಂಟು. ಈಗ ಅದು ನಗರದೊಳಗೆ ಕೂಡಿಹೋಗಿದೆ. ಕುಳಿಮಗ್ಗಗಳಿದ್ದ ಮನೆಗಳಲ್ಲಿ ವಿದ್ಯುನ್ಮಗ್ಗಗಳು ಸದ್ದು ಮಾಡುತ್ತಿವೆ. ಒಂದೇ ಬೀದಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಆಷಾಢಮಾಸದಲ್ಲಿ ಮಂಗಾಯಿ ದೇವಿಯ ಜಾತ್ರೆಯಾದಾಗ ಸುತ್ತಣ ಹಳ್ಳಿಗಳೆಲ್ಲ ಅಲ್ಲಿಗೆ ನೆರೆಯುತ್ತವೆ. ಅಲ್ಲಿಂದ ಹೊರಟು ಪಟ್ಟಣವನ್ನು ಹಾದು ಕೋಟೆಯನ್ನು ಹೊಕ್ಕರೆ, ಒಂದೇ ಕಂದಕದ ಒಳಗೆ ಜೈನಬಸದಿಯೂ ಮಸೀದಿಯೂ ದುರ್ಗೆಯ ಗುಡಿಯೂ ಕಾಣುತ್ತವೆ. ಕೋಟೆಯಾಚೆ ದಂಡಿನ ಪ್ರದೇಶದಲ್ಲಿ ಇಗರ್ಜಿಗಳ ಗೋಪುರಗಳು. ಪಶ್ಚಿಮಕ್ಕೆ ತಿರುಗಿದರೆ ಖಾನಾಪುರದ ಕಾಡು. ಕಾಡು ಮುಗಿದಲ್ಲಿ ಗೋವೆ. ಇಷ್ಟು ಮತಗಳ ಜನರು ಇಷ್ಟು ಒತ್ತಾಗಿ ಬಾಳುವ ಸೀಮೆಯಲ್ಲಿ, ಪರಮತೀಯನಿಗೆ ತೋರುವ ದಯೆಯೆಂಬುದು ಉಪದೇಶದ ವಿಷಯವಾಗಿ ಉಳಿಯುವುದಿಲ್ಲ, ದಿನದಿನದ ವ್ಯವಹಾರವಾಗುತ್ತದೆ. ಕ್ರೈಸ್ತರು ತಮ್ಮ ಧರ್ಮದ ಹೆಸರಿನಲ್ಲಿ ಇಲ್ಲಿಯೂ ನಮ್ಮ ನಾಡಿನ ಬೇರೆಡೆಗಳಲ್ಲಿಯೂ ಆಚರಿಸಿದ ದಯೆಯ ಇತಿಹಾಸವನ್ನು ಸ್ವಲ್ಪ ನೋಡೋಣ.

ಆ ಇತಿಹಾಸವನ್ನು ಅಳೆಯಲು ಒಂದು ಅಳತೆಗೋಲು ಬೇಕಷ್ಟೆ. ಅದನ್ನು ಕೋಟೆಯೊಳಗಿನ ಬಸದಿಯಿಂದಲೇ ಎತ್ತಿಕೊಳ್ಳುವೆನು. ಕಮಲಬಸದಿಯೆಂದು ಪ್ರಸಿದ್ಧವಾದ ಆ ಕಟ್ಟಡವನ್ನು ರಟ್ಟರ ಕಾರ್ತವೀರ್ಯನ ಮಂತ್ರಿಯಾದ ಬೀಚಿರಾಜನು 1204ರಲ್ಲಿ ಕಟ್ಟಿಸಿದನು. ಜೈನರು ದಾನವನ್ನು ನಾಲ್ಕು ಬಗೆಯಾಗಿ ಹೇಳುತ್ತಾರೆ: ಆಹಾರ, ಔಷಧ, ಶಾಸ್ತ್ರ, ಅಭಯ. ಹಸಿದವನಿಗೆ ಅನ್ನ, ರೋಗಿಗೆ ಮದ್ದು, ಅರಿಯದವನಿಗೆ ವಿದ್ಯೆ, ಅಂಜಿದವನಿಗೆ ಅಂಜಿಕೆಯಿಲ್ಲದಿರುವಿಕೆ. ಮೊದಲಿನ ಮೂರು ಕಣ್ಣಿಗೆ ಕಾಣುವಂಥವು. ಹಣವಿದ್ದರೆ ನಡೆಯುತ್ತವೆ, ವರದಿಯಲ್ಲಿ ಎಣಿಸಿ ಬರೆಯಬಹುದು. ನಾಲ್ಕನೆಯದಕ್ಕೆ ಲೆಕ್ಕವಿಲ್ಲ. ಉಳಿದ ಮೂರನ್ನು ಕೊಡುವವನ ಕೈಯನ್ನು ನೋಡಿ ಪಡೆಯುವವನು ಹೆದರಿದನೆಂದರೆ, ಅವು ದಾನವೆಂಬ ಹೆಸರನ್ನೇ ಕಳೆದುಕೊಳ್ಳುತ್ತವೆಂದು ನನಗೆ ತೋರುತ್ತದೆ.

ಕ್ರೈಸ್ತರ ಶಾಸ್ತ್ರದಲ್ಲಿಯೂ ಇದಕ್ಕೆ ಸಮೀಪವಾದ ಒಂದು ಕಥೆಯುಂಟು. ಜೆರೂಸಲೇಮಿನಿಂದ ಯೆರಿಕೋವಿಗೆ ಇಳಿದು ಹೋಗುತ್ತಿದ್ದ ಒಬ್ಬನನ್ನು ಕಳ್ಳರು ಬಡಿದು ದಾರಿಯಲ್ಲಿ ಕೆಡವಿದರು. ಪೂಜಾರಿಯೊಬ್ಬನು ಕಂಡೂ ಕಾಣದಂತೆ ಹೋದನು. ದೇವಾಲಯದ ಪರಿಚಾರಕನೊಬ್ಬನೂ ಹಾಗೆಯೇ ಹೋದನು. ಮೂರನೆಯವನು ಸಮಾರ್ಯದವನು, ಅಂದರೆ ಯೆಹೂದ್ಯರು ಮುಟ್ಟಲೊಲ್ಲದ ಅನ್ಯಮತದವನು. ಅವನು ನಿಂತು, ಗಾಯಕ್ಕೆ ಎಣ್ಣೆ ಹೊಯ್ದು ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಒಯ್ದು, ಛತ್ರದವನ ಕೈಗೆ ಎರಡು ನಾಣ್ಯಗಳನ್ನು ಕೊಟ್ಟು, ಹೆಚ್ಚು ಖರ್ಚಾದರೆ ತಾನು ಮರಳಿ ಬರುವಾಗ ತೀರಿಸುವೆನೆಂದು ಹೇಳಿ ಹೊರಟುಹೋದನು. ಬಿದ್ದವನ ಹೆಸರನ್ನಾಗಲಿ ಕುಲವನ್ನಾಗಲಿ ಅವನು ವಿಚಾರಿಸಿದನೆಂದು ಕಥೆಯಲ್ಲಿಲ್ಲ. ಇನ್ನೂ ಒಂದು ವಿಶೇಷವನ್ನು ನಾವು ಗಮನಿಸಬೇಕು. ಈ ಕಥೆಯಲ್ಲಿ ದಯೆಗೆ ಮಾದರಿಯಾದವನು ಕೇಳುಗರ ಮತದವನಲ್ಲ. ತನ್ನ ಮತದವರು ಕರುಣಾಳುಗಳೆಂದು ಹೆಮ್ಮೆಪಡುವವನಿಗೆ ಈ ಕಥೆಯಲ್ಲಿ ಸ್ಥಳವೇ ಇಲ್ಲ.

ಖಾನಾಪುರದ ಗಡಿಯಾಚೆ ಈ ಕಥೆಯನ್ನು ವಾರವಾರವೂ ಓದಬಲ್ಲ ಜನರೇ ಆಳುತ್ತಿದ್ದರು. ಆದರೂ ಅಲ್ಲಿ ನಡೆದುದು ಬೇರೆ. ಗೋವೆಯಲ್ಲಿ ಪೋರ್ಚುಗೀಸರು 1560ರಲ್ಲಿ ಸ್ಥಾಪಿಸಿದ ಮತವಿಚಾರಣೆಯ ನ್ಯಾಯಸ್ಥಾನವು, ನಡುವೆ ಕೆಲವು ವರ್ಷ ನಿಂತದ್ದನ್ನು ಬಿಟ್ಟರೆ, 1812ರವರೆಗೂ ಇತ್ತು. ಕುಶಸ್ಥಳಿಯ ಮಂಗೇಶನನ್ನೂ ಕೆಳೋಶಿಯ ಶಾಂತಾದುರ್ಗೆಯನ್ನೂ ಭಕ್ತರು ಹೊತ್ತುಕೊಂಡು ಪೋರ್ಚುಗೀಸರ ಎಲ್ಲೆಯನ್ನು ದಾಟಿ ಅಂತ್ರುಜದ ಸೀಮೆಯಲ್ಲಿ ಇರಿಸಿದರು. ಕುಟುಂಬಗಳು ಘಟ್ಟವನ್ನೇರಿ ಮೇಲಕ್ಕೂ, ಕರಾವಳಿಯ ದಾರಿಯಲ್ಲಿ ಕನ್ನಡ ಜಿಲ್ಲೆಗೂ ಚದುರಿದವು. ಓಡಿಬಂದವರು ಹಿಂದೂಗಳು ಮಾತ್ರವೇ ಎಂದು ತಿಳಿಯಬಾರದು. ಹೊಸದಾಗಿ ಕ್ರೈಸ್ತರಾಗಿ, ಹಳೆಯ ಪದ್ಧತಿಗಳನ್ನು ಪೂರ್ತಿ ಬಿಡಲಾರದೆ, ಅದೇ ನ್ಯಾಯಸ್ಥಾನಕ್ಕೆ ಹೆದರಿದ ಕೊಂಕಣಿಗರೂ ಹೊರಟುಬಂದರು. ಕ್ರಿಸ್ತಮತವೆಂದರೆ ಬಲಾತ್ಕಾರವೆಂಬ ನೆನಪು ಈ ಗಡಿಯ ಜನರಲ್ಲಿ ಬೇರೂರಿದ್ದರೆ ಅದನ್ನು ಮೌಢ್ಯವೆನ್ನಲು ಇತಿಹಾಸಜ್ಞನಿಗೆ ಅಧಿಕಾರವಿಲ್ಲ. ಮುಂದೆ ಇಲ್ಲಿಗೆ ಬಂದ ಪಾದ್ರಿಗಳೆಲ್ಲರೂ, ತಾವು ಮಾಡದ ಆ ತಪ್ಪಿನ ನೆರಳಿನಲ್ಲಿಯೇ ಕೆಲಸ ಮಾಡಬೇಕಾಯಿತು.

ಅದೇ ಗೋವೆಯಲ್ಲಿ, ಆ ನ್ಯಾಯಸ್ಥಾನವು ಇನ್ನೂ ನಡೆಯುತ್ತಿದ್ದ ಕಾಲದಲ್ಲಿಯೇ, 1651ರಲ್ಲಿ ಜೋಸೆಫ್ ವಾಜ್ ಹುಟ್ಟಿದನು. ಕೊಂಕಣಿ ಮನೆಮಾತಿನ, ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬದವನು. ಗುರುದೀಕ್ಷೆಯನ್ನು ಪಡೆದು 1681ರಲ್ಲಿ ಕನ್ನಡ ಕರಾವಳಿಗೆ ಬಂದನು. ಮೂರು ವರ್ಷ ಮಂಗಳೂರು ಮೊದಲಾದೆಡೆಗಳಲ್ಲಿ ಕಾಲ್ನಡೆಯಲ್ಲಿ ತಿರುಗಿದನು. ಆಗ ಆ ಕರಾವಳಿಯನ್ನು ಆಳುತ್ತಿದ್ದವಳು ಕೆಳದಿಯ ಚೆನ್ನಮ್ಮಾಜಿ. ಔರಂಗಜೇಬನ ಸೈನ್ಯವು ಬೆನ್ನಟ್ಟುತ್ತಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತ ರಾಣಿಯೆಂದು ಆಕೆಯನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಗೋವೆಯಿಂದ ಬಂದ ಕ್ರೈಸ್ತರು ಆಕೆಯ ರಾಜ್ಯದಲ್ಲಿ ಹೊಲಗದ್ದೆಗಳನ್ನು ಮಾಡಿಕೊಂಡು ಬಾಳುತ್ತಿದ್ದರೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಲಿಂಗವಂತ ರಾಣಿಯ ನೆರಳಿನಲ್ಲಿ ಕ್ರೈಸ್ತಗುರುವು ನಿರಾತಂಕವಾಗಿ ತಿರುಗಾಡಿದನು.

ವಾಜನ ದೊಡ್ಡ ಕೆಲಸ ನಡೆದುದು ಸಿಂಹಳದಲ್ಲಿ. ಅಲ್ಲಿಯ ಕರಾವಳಿಯನ್ನು ಹಿಡಿದಿದ್ದ ಡಚ್ಚರು ತಾವೂ ಕ್ರೈಸ್ತರೇ ಆದರೂ ಕಥೋಲಿಕರನ್ನು ಬೇಟೆಯಾಡುತ್ತಿದ್ದರು. 1687ರಲ್ಲಿ ಕೂಲಿಯವನ ವೇಷದಲ್ಲಿ ವಾಜನು ದ್ವೀಪಕ್ಕಿಳಿದು, ಕೊನೆಗೆ ಬೌದ್ಧ ಅರಸನ ರಾಜಧಾನಿಯಾದ ಕ್ಯಾಂಡಿಯನ್ನು ಸೇರಿದನು. ಮೊದಲು ಅವನನ್ನು ಪೋರ್ಚುಗೀಸರ ಬೇಹುಗಾರನೆಂದು ಸೆರೆಯಲ್ಲಿಟ್ಟರು. ಬಳಿಕ ಅವನ ನಡತೆಯನ್ನು ಕಂಡ ಅರಸ ವಿಮಲಧರ್ಮಸೂರ್ಯನು ಬಿಡುಗಡೆಮಾಡಿ, ಊರಲ್ಲಿ ಇರಗೊಟ್ಟನು. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಅರಸನೂ ಸಿರಿವಂತರೂ ಪಟ್ಟಣವನ್ನು ಬಿಟ್ಟರು. ಸಿಡುಬು ಎದ್ದವರನ್ನು ಮನೆಯವರೇ ಕಾಡಿಗೆ ಒಯ್ದು ಬಿಟ್ಟುಬರುತ್ತಿದ್ದರು. ವಾಜನೂ ಅವನ ಸೋದರಳಿಯನೂ ಉಳಿದು, ಗುಡಿಸಲುಗಳನ್ನು ಕಟ್ಟಿ, ಗಂಜಿ ಕಾಯಿಸಿ, ಹುಣ್ಣು ತೊಳೆದು, ಸತ್ತವರನ್ನು ಹೂಳಿದರು. ಹಾಗೆ ಬಿದ್ದಿದ್ದವರಲ್ಲಿ ಬಹುಮಂದಿ ಬೌದ್ಧರು. ಬೌದ್ಧ ಅರಸನು ಮೊದಲು ಅಭಯವನ್ನಿತ್ತನು; ಕ್ರೈಸ್ತಗುರುವು ಅದನ್ನು ಔಷಧದ ರೂಪದಲ್ಲಿ ಅವನ ಪ್ರಜೆಗಳಿಗೆ ಹಿಂದಿರುಗಿಸಿದನು. ಯಾರು ಯಾರಿಗೆ ಋಣಿಯೆಂದು ಇಲ್ಲಿ ಹೇಳುವುದು ಕಷ್ಟ. ವಾಜನು 1711ರಲ್ಲಿ ಕ್ಯಾಂಡಿಯಲ್ಲಿಯೇ ತೀರಿಕೊಂಡನು. ರೋಮಿನ ಪೋಪರು ಅವನನ್ನು ಸಂತನೆಂದು ಘೋಷಿಸಿದುದು 2015ರಲ್ಲಿ, ಅದೂ ಕೊಲಂಬೋ ನಗರಕ್ಕೆ ಬಂದು.

ಗೋವೆಯ ಅಧಿಕಾರಿಗಳಿಗೂ ಗೋವೆಯ ಈ ಗುರುವಿಗೂ ಶಾಸ್ತ್ರಗ್ರಂಥವೊಂದೇ. ವ್ಯತ್ಯಾಸವೆಲ್ಲಿ? ವಾಜನ ಬೆನ್ನಿಗೆ ಸರಕಾರವಿರಲಿಲ್ಲ. ತಾನೇ ಅಂಜಿ ಅಡಗಿದ್ದವನಾದುದರಿಂದ, ಅಂಜಿದವನ ಪಕ್ಕದಲ್ಲಿ ಹೇಗೆ ಕುಳಿತುಕೊಳ್ಳಬೇಕೆಂಬುದು ಅವನಿಗೆ ಗೊತ್ತಿತ್ತು. ಇದನ್ನು ನೆನಪಿನಲ್ಲಿಟ್ಟುಕೊಂಡು ಬೆಳಗಾವಿಗೆ ಬರೋಣ. ಏಕೆಂದರೆ ಅಲ್ಲಿಯ ಪಾದ್ರಿಗಳ ಬೆನ್ನಿಗೆ ಸರಕಾರವೂ ಇತ್ತು, ಫಿರಂಗಿಯೂ ಇತ್ತು.

1818ರಲ್ಲಿ ಮನ್ರೋ ಸಾಹೇಬನು ಬೆಳಗಾವಿಯ ಕೋಟೆಯನ್ನು ಪೇಶವೆಯ ಕಡೆಯವರಿಂದ ಗೆದ್ದುಕೊಂಡನು. ಊರು ದಂಡಿನ ನೆಲೆಯಾಯಿತು. ಎರಡೇ ವರ್ಷಗಳಲ್ಲಿ, 1820ರಲ್ಲಿ, ಬಳ್ಳಾರಿಯಲ್ಲಿ ಪಳಗಿದ್ದ ಜೋಸೆಫ್ ಟೇಲರನು ಲಂಡನ್ ಮಿಶನ್ನಿನ ಪರವಾಗಿ ಬಂದು ಇಲ್ಲಿ ನೆಲೆಸಿದನು. ಅನಂತರ ಬಳ್ಳಾರಿಯಿಂದಲೇ ವಿಲಿಯಂ ಬೆನನ್ ಬಂದನು. ಇವರು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬೋಧಿಸಿದರು. ಸೈನ್ಯದೊಡನೆ ದಕ್ಷಿಣದಿಂದ ಬಂದಿದ್ದ ತಮಿಳರಿಗೆ ತಮಿಳಿನಲ್ಲಿಯೂ ಆರಾಧನೆ ನಡೆಸಿದರು. 1830ರ ದಶಕದಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು.

ಸರಿಯಾಗಿ ಅದೇ ಕಾಲದಲ್ಲಿ, 1823ರಲ್ಲಿ, ಮೈಸೂರಿನವರಿಗೆ ಸುಪರಿಚಿತನಾದ ಅಬೆ ದುಬ್ವಾ ಹಿಂದುಸ್ಥಾನವನ್ನು ಬಿಟ್ಟು ಫ್ರಾನ್ಸಿಗೆ ಮರಳಿದನೆಂಬುದು ಒಂದು ಚೋದ್ಯ. ಶ್ರೀರಂಗಪಟ್ಟಣ, ಸಾತಹಳ್ಳಿಗಳ ಸುತ್ತ ದಶಕಗಳ ಕಾಲ ನಮ್ಮವರ ಉಡುಪನ್ನುಟ್ಟು, ನಮ್ಮವರಂತೆ ಉಂಡು ಬಾಳಿದ ಫ್ರೆಂಚ್ ಗುರು ಆತ. ಅವನು ಪ್ರಕಟಿಸಿದ ಪತ್ರಗಳಲ್ಲಿ, ಈ ದೇಶದವರನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸವೆಂದು ಸ್ಪಷ್ಟವಾಗಿ ಹೇಳಿಬಿಟ್ಟನು. ಪ್ರೊಟೆಸ್ಟೆಂಟ್ ಪಾದ್ರಿಗಳಿಗೆ ಎಷ್ಟು ಕೋಪ ಬಂತೆಂಬುದನ್ನು ಅವರು ಬರೆದ ಉತ್ತರಗಳೇ ತೋರಿಸುತ್ತವೆ. ಆದರೆ ಇದೇ ದುಬ್ವಾ, 1803 ಮತ್ತು 1804ರಲ್ಲಿ, ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಮಿಕ್ಕ ಜನರಿಗೆ ಸಿಡುಬಿನ ದೇವಿ ಹಾಕಿಸಿದ್ದನು. ಜೆನ್ನರನು ಆ ವಿಧಾನವನ್ನು ಪ್ರಕಟಿಸಿ ಆಗಿನ್ನೂ ಐದಾರು ವರ್ಷ. ದನದ ಕೀವನ್ನು ಮನುಷ್ಯನ ತೋಳಿಗೆ ಚುಚ್ಚುವುದೆಂದರೆ ಜಾತಿಗೆ ಏನಾದೀತು, ಮಾರಿಯಮ್ಮ ಏನೆಂದುಕೊಂಡಾಳು ಎಂದು ಜನರು ಹಿಂಜರಿಯುತ್ತಿದ್ದ ದಿನಗಳು. ಅವನಿಂದ ಮತವನ್ನು ಸ್ವೀಕರಿಸದ ಜನರು ಚುಚ್ಚುಮದ್ದನ್ನು ಸ್ವೀಕರಿಸಿದರು. ಎರಡನೆಯದನ್ನು ಪಡೆದವನು ಮೊದಲನೆಯದಕ್ಕೆ ಕಟ್ಟುಬೀಳಬೇಕಾಗಿಲ್ಲವೆಂದು ಅವರಿಗೆ ನಂಬಿಕೆಯಿತ್ತೆಂದೇ ಇದರಿಂದ ಊಹಿಸಬೇಕು.

ಬೆಳಗಾವಿಯ ಶಾಲೆಯ ಮಟ್ಟಿಗೆ ಆ ನಂಬಿಕೆ ಅಷ್ಟು ಸುಲಭವಾಗಿ ಹುಟ್ಟುವಂತಿರಲಿಲ್ಲ. ಮಿಶನ್ ಶಾಲೆಯಲ್ಲಿ ಓದೂಬರೆಹವೂ ಇಂಗ್ಲಿಷೂ ದೊರೆಯುತ್ತಿದ್ದವು. ಜೊತೆಗೆ ದಿನವೂ ಬೈಬಲ್ ಪಾಠ. ತಂದೆಯಾದವನು ಮಗನನ್ನು ಕಳುಹಿಸುವ ಮುನ್ನ ಎರಡು ಸಲ ಯೋಚಿಸುತ್ತಿದ್ದನು. ಬೆಳಗಾವಿ ಜಿಲ್ಲೆಯು ಸೇರಿದ್ದ ಮುಂಬಯಿ ಪ್ರಾಂತದ ರಾಜಧಾನಿಯಲ್ಲಿಯೇ, 1839ರಲ್ಲಿ ಡಾಕ್ಟರ್ ಜಾನ್ ವಿಲ್ಸನ್ನನ ಶಾಲೆಯ ಇಬ್ಬರು ಪಾರ್ಸಿ ಹುಡುಗರು ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಸಿಡಿದೆದ್ದು ಶಾಲೆ ಬರಿದಾಯಿತು. 1844ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಶಾಲೆಯ ಆನಂದರಾವ್ ಕೌಂಡಿನ್ಯನು ಕ್ರೈಸ್ತನಾದಾಗ ಅಲ್ಲಿಯೂ ಹಾಗೆಯೇ ಗಲಭೆಯಾಯಿತು. ಆ ತರುಣರು ತಮ್ಮ ಮನಃಸಾಕ್ಷಿಗೆ ಒಪ್ಪಿದ್ದನ್ನು ಮಾಡಿದರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕೌಂಡಿನ್ಯನಂಥವನನ್ನು ಆಮಿಷಕ್ಕೆ ಬಿದ್ದವನೆನ್ನುವುದು ಅನ್ಯಾಯ. ಆದರೆ ಮನೆಯಲ್ಲಿ ಕುಳಿತ ತಾಯಿಗೆ ಕಂಡದ್ದು ಬೇರೆ: ಓದಲು ಹೋದ ಮಗನು ಮರಳಲಿಲ್ಲ. ಶಾಸ್ತ್ರದಾನವಿತ್ತು, ಅಭಯವಿರಲಿಲ್ಲ.

ಕೌಂಡಿನ್ಯನ ಗುರುವಾದ ಮೋಗ್ಲಿಂಗ್ ಪಾದ್ರಿಯೇ ಕೆಲವೇ ವರ್ಷಗಳ ತರುವಾಯ, ನಿವೃತ್ತ ನ್ಯಾಯಾಧೀಶ ಕಾಸಾಮೇಜರನ ಹಣದ ನೆರವಿನಿಂದ, ಬಸವಪುರಾಣವನ್ನೂ ಜೈಮಿನಿಭಾರತವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದನು. ಕಿಟ್ಟೆಲರು 1894ರಲ್ಲಿ ಮುಗಿಸಿದ ಎಪ್ಪತ್ತು ಸಾವಿರ ಶಬ್ದಗಳ ಕೋಶವನ್ನಂತೂ ಹೇಳಬೇಕಾಗಿಯೇ ಇಲ್ಲ. ಅನ್ಯರ ಶಾಸ್ತ್ರವನ್ನು ಅನ್ಯರಿಗಾಗಿ ಕಾಪಾಡಿಕೊಡುವುದು ಶಾಸ್ತ್ರದಾನದ ಅತ್ಯಂತ ನಿರ್ಭಯವಾದ ರೂಪ. ಆ ವಿಷಯವನ್ನು ವಿದ್ವಾಂಸರು ಸಾಕಷ್ಟು ಸಲ ಹೇಳಿದ್ದಾರೆ; ಮುಂದೆ ಹೋಗೋಣ.

ಆಹಾರದಾನದ ಪರೀಕ್ಷೆ 1876ರಲ್ಲಿ ಬಂತು. ಎರಡು ವರ್ಷ ನಡೆದ ಆ ಕ್ಷಾಮವು ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನೂ ಬಳ್ಳಾರಿಯನ್ನೂ ನಮ್ಮ ಮೈಸೂರನ್ನೂ ಒಂದೇ ಸಮನೆ ಸುಟ್ಟಿತು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷವನ್ನು ಮುಟ್ಟಲಿಲ್ಲ. ಎಲ್ಲ ಪಂಥಗಳ ಮಿಶನ್ನುಗಳೂ ಗಂಜಿ ಹಾಕಿದವು, ಅನಾಥರನ್ನು ಎತ್ತಿಕೊಂಡವು. ಎತ್ತಿಕೊಂಡ ಮಕ್ಕಳನ್ನು ಕ್ರೈಸ್ತರನ್ನಾಗಿ ಬೆಳೆಸಿದರು. ಹಸಿದ ಮಗುವಿನ ಒಪ್ಪಿಗೆ ಒಪ್ಪಿಗೆಯೇ ಎಂದು ಕೇಳುವವರ ಮಾತಿನಲ್ಲಿ ಸತ್ಯವುಂಟು. ಆ ಮಕ್ಕಳನ್ನು ಎತ್ತಿಕೊಳ್ಳಲು ಬೇರೆ ಎಷ್ಟು ಮಂದಿ ಬಂದಿದ್ದರೆಂದು ತಿರುಗಿ ಕೇಳುವವರ ಮಾತಿನಲ್ಲಿಯೂ ಉಂಟು. ಯೆರಿಕೋವಿನ ದಾರಿಯಲ್ಲಿ ಪಕ್ಕಕ್ಕೆ ಸರಿದು ಹೋದ ಪೂಜಾರಿಯು ಸಮಾರ್ಯದವನ ಉದ್ದೇಶವನ್ನು ಪ್ರಶ್ನಿಸುವುದು ಅಷ್ಟೇನೂ ಶೋಭಿಸುವುದಿಲ್ಲ. ಆದರೂ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು. ಹೊಟ್ಟೆ ತುಂಬಿದ ಮೇಲೆ ಜನರು ಅದನ್ನು ಮರೆಯಲಿಲ್ಲ.

ಇಪ್ಪತ್ತು ವರ್ಷಗಳಾದ ಮೇಲೆ ಪ್ಲೇಗು ಬಂತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗವು ರೈಲುದಾರಿಯನ್ನು ಹಿಡಿದು ದಕ್ಷಿಣಕ್ಕೆ ಇಳಿಯಿತು. ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಹೊಕ್ಕು, 1898ರಲ್ಲಿ ಬೆಂಗಳೂರನ್ನೂ ಮೈಸೂರನ್ನೂ ಮುಟ್ಟಿತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದನ್ನು ನಮ್ಮ ಹಿರಿಯರು ಮರೆಯಲಿಲ್ಲ. ಪ್ಲೇಗಮ್ಮನ ಗುಡಿಗಳು ನಮ್ಮ ಸೀಮೆಯಲ್ಲಿ ಹುಟ್ಟಿದ್ದು ಆಗಲೇ. ಆದರೆ ರೋಗಕ್ಕಿಂತಲೂ ಜನರು ಹೆಚ್ಚು ಹೆದರಿದುದು ರೋಗವನ್ನು ತಡೆಯಲು ಬಂದವರಿಗೆ. ಸೈನಿಕರು ಮನೆಯ ಬಾಗಿಲನ್ನು ಮುರಿದು ರೋಗಿಗಳನ್ನು ಹುಡುಕಿದರು; ಹೆಂಗಸರನ್ನು ಪರೀಕ್ಷಿಸಿದರು; ರೋಗಿಯನ್ನು ಎಳೆದೊಯ್ದು ಪ್ರತ್ಯೇಕ ಆಸ್ಪತ್ರೆಗೆ ಹಾಕಿದರು. ಪುಣೆಯಲ್ಲಿ ಈ ಕೋಪವು 1897ರ ಜೂನ್ ತಿಂಗಳಲ್ಲಿ ರಾಂಡ್ ಸಾಹೇಬನ ಕೊಲೆಯಲ್ಲಿ ಮುಗಿಯಿತು. ಪ್ಲೇಗಿನ ಆಸ್ಪತ್ರೆಯೆಂದರೆ ಜೀವಂತ ಹೋಗಿ ಮರಳಿ ಬಾರದ ಜಾಗವೆಂಬ ಮಾತು ಎಲ್ಲೆಡೆ ಹಬ್ಬಿತು. ಇಲ್ಲಿ ಔಷಧವನ್ನು ಕೊಡುವ ಕೈಯೇ ಭಯದ ಕೈಯಾಗಿತ್ತು.

ಬೆಳಗಾವಿಯನ್ನು ಬಿಟ್ಟು ಸ್ವಲ್ಪ ದೂರ ಹೋಗದೆ ಈ ವಿಷಯವನ್ನು ಮುಂದರಿಸಲಾಗದು. ಅದೇ ಪ್ಲೇಗು 1902ರಲ್ಲಿ ಮಂಗಳೂರಿಗೆ ಬಂದಾಗ, ಅಲ್ಲಿಯ ಕಂಕನಾಡಿಯಲ್ಲಿ ಪ್ಲೇಗಿನ ಆಸ್ಪತ್ರೆಯನ್ನು ತೆರೆದವನು ಸರಕಾರದವನಲ್ಲ. ಜನರು ಇಪ್ಪತ್ತೆರಡು ವರ್ಷಗಳಿಂದ ಬಲ್ಲ ಒಬ್ಬ ಜರ್ಮನ್ ಗುರು.

ಅಗಸ್ಟಸ್ ಮುಲ್ಲರನು 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಹುಟ್ಟಿ, ಯೇಸುಸಭೆಯನ್ನು ಸೇರಿದವನು. ಸ್ವತಃ ಕಾಯಿಲೆಯವನಾಗಿದ್ದು ಹೋಮಿಯೋಪತಿಯಿಂದ ಗುಣ ಕಂಡುಕೊಂಡು ಆ ವೈದ್ಯಪದ್ಧತಿಯನ್ನು ಅಭ್ಯಾಸ ಮಾಡಿದ್ದನು. 1878ರ ಡಿಸೆಂಬರ್ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಮೊದಲ ಯೇಸುಸಭೆಯವರಲ್ಲಿ ಅವನೂ ಒಬ್ಬ. ಬಂದುದು ಪಾಠ ಹೇಳುವುದಕ್ಕೆ. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಅಧ್ಯಾಪಕನಾದನು. ಪೆಟ್ಟಿಗೆಯಲ್ಲಿ ತಂದಿದ್ದ ಮದ್ದುಗಳನ್ನು ಮೊದಲು ತನ್ನ ವಿದ್ಯಾರ್ಥಿಗಳಿಗೂ, ಬಳಿಕ ಬಾಗಿಲಿಗೆ ಬಂದ ಬಡವರಿಗೂ ಕೊಡತೊಡಗಿದನು. ಕಂಕನಾಡಿಯ ಆಲದ ಮರದಡಿಯಲ್ಲಿ ಕುಳಿತು ಮದ್ದು ಹಂಚುತ್ತಿದ್ದನೆಂದು ಆ ಊರಿನವರು ಹೇಳುತ್ತಾರೆ. 1880ರಲ್ಲಿಯೇ ಅದಕ್ಕೆ ಬಡವರ ಹೋಮಿಯೋಪತಿ ಔಷಧಾಲಯವೆಂದು ಹೆಸರಾಯಿತು.

ಮುಲ್ಲರನ ಕೆಲಸದಲ್ಲಿ ನನಗೆ ಮೆಚ್ಚಿಕೆಯಾದುದು ಅವನ ಹಣದ ವ್ಯವಸ್ಥೆ. ಭಾವುಕರು ಇದನ್ನು ಬಿಟ್ಟು ಉಳಿದುದನ್ನು ಹೇಳುತ್ತಾರೆ. ಬಡವರಿಗೆ ಮದ್ದು ಪುಕ್ಕಟೆ, ಉಳ್ಳವರಿಗೆ ಮಾರಾಟ. ಅವನು ತಯಾರಿಸಿದ ಔಷಧಗಳು ಚಿಕ್ಕ ಚಿಕ್ಕ ಸೀಸೆಗಳಲ್ಲಿ, ಅಂಚೆಯ ಮೂಲಕ, ಹಿಂದುಸ್ಥಾನದ ಮೂಲೆ ಮೂಲೆಗೂ ಹೋಗುತ್ತಿದ್ದವು. ಆ ಲಾಭದಿಂದ ಆಸ್ಪತ್ರೆ ನಡೆಯುತ್ತಿತ್ತು. ಇದರಿಂದ ಆದ ಅನುಕೂಲವೇನೆಂದರೆ, ಇಷ್ಟು ಗಂಜಿಗೆ ಇಷ್ಟು ಆತ್ಮಗಳು ಎಂಬ ವರದಿಯನ್ನು ಯೂರೋಪಿನ ದಾನಿಗಳಿಗೆ ಬರೆಯಬೇಕಾದ ಒತ್ತಡ ಅವನಿಗೆ ಕಡಿಮೆಯಾಯಿತು. ಮದ್ದು ಕೊಂಡವರೂ ಮದ್ದು ಬೇಡಿದವರೂ ಎಲ್ಲ ಮತದವರು. ದಯೆಯು ಸ್ವತಂತ್ರವಾಗಿರಬೇಕಾದರೆ ಅದರ ಖರ್ಚೂ ಸ್ವತಂತ್ರವಾಗಿರಬೇಕೆಂಬುದನ್ನು ಆ ಗುರುವು ಬಲ್ಲನೋ ಇಲ್ಲವೋ, ಅವನ ಲೆಕ್ಕದ ಪುಸ್ತಕ ಬಲ್ಲುದಾಗಿತ್ತು.

1890ರಲ್ಲಿ ಅವನು ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿದನು. ಕುಷ್ಠವೆಂದರೆ ಜಾತಿಯನ್ನೂ ಮನೆಯನ್ನೂ ಒಟ್ಟಿಗೆ ಕಳೆದುಕೊಳ್ಳುವ ರೋಗ; ರೋಗಿಯು ಹಿಂದೂವಾಗಲಿ ಮುಸಲ್ಮಾನನಾಗಲಿ ಕ್ರೈಸ್ತನಾಗಲಿ, ಸ್ವಂತ ಜನರೇ ಹೊರಗೆ ಹಾಕುತ್ತಿದ್ದರು. ಹನ್ನೆರಡು ವರ್ಷಗಳ ಮೇಲೆ ಪ್ಲೇಗಿನ ಆಸ್ಪತ್ರೆ. ಇಲ್ಲಿ ವೈದ್ಯಕೀಯ ದೃಷ್ಟಿಯಿಂದ ಒಂದು ಮಾತನ್ನು ಮುಚ್ಚಿಡಬಾರದು. ಮುಲ್ಲರನ ಗುಳಿಗೆಗಳು ಪ್ಲೇಗಿನ ಕ್ರಿಮಿಯನ್ನು ಕೊಲ್ಲಲಾರವು. ಆ ಕಾಲದ ಯಾವ ಮದ್ದೂ ಕೊಲ್ಲುತ್ತಿರಲಿಲ್ಲ. ಹಾಫ್ಕಿನನ ಚುಚ್ಚುಮದ್ದು ರೋಗ ಬಾರದಂತೆ ಸ್ವಲ್ಪಮಟ್ಟಿಗೆ ತಡೆಯುತ್ತಿತ್ತು ಅಷ್ಟೆ. ರೋಗಿಗೆ ದೊರೆತುದು ಕುಡಿಯಲು ನೀರು, ಒಗೆದ ಹಾಸಿಗೆ, ಹತ್ತಿರದಲ್ಲಿ ಒಬ್ಬ ಮನುಷ್ಯ. ಸರಕಾರದ ಆಸ್ಪತ್ರೆಯಲ್ಲಿಯೂ ಮೊದಲಿನೆರಡು ಸಿಕ್ಕಬಹುದಾಗಿತ್ತು. ಆದರೆ ಮಂಗಳೂರಿನವನಿಗೆ ಕಂಕನಾಡಿಯ ಬಾಗಿಲು ಹೊಸದಾಗಿರಲಿಲ್ಲ. ಅದೇ ಬಾಗಿಲಿನಲ್ಲಿ ಅವನ ತಾಯಿಯು ಕೆಮ್ಮಿಗೆ ಮದ್ದು ಪಡೆದಿದ್ದಳು, ತಾನಾಗಿಯೇ ಹೋಗಿದ್ದಳು, ಹೋದಂತೆಯೇ ಮರಳಿದ್ದಳು. ಇಪ್ಪತ್ತೆರಡು ವರ್ಷ ಸೀಸೆ ಸೀಸೆಯಾಗಿ ಕೊಟ್ಟ ಅಭಯವು ಪ್ಲೇಗಿನ ವರ್ಷ ಉಪಯೋಗಕ್ಕೆ ಬಂತು. ಹುಲಿ ಬಂದ ದಿನ ಬೇಲಿ ಕಟ್ಟಲಾಗದೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮುಲ್ಲರನು 1910ರ ನವೆಂಬರ್ ಒಂದರಂದು ತೀರಿಕೊಂಡನು. ಅವನ ಹೆಸರಿನ ಸಂಸ್ಥೆ ಬೆಳೆದು, ಆಧುನಿಕ ಚಿಕಿತ್ಸೆಯ ದೊಡ್ಡ ಆಸ್ಪತ್ರೆಯಾಗಿ, 1999ರಲ್ಲಿ ವೈದ್ಯಕೀಯ ಕಾಲೇಜನ್ನೂ ಪಡೆಯಿತು. ಹೋಮಿಯೋಪತಿ ಔಷಧಗಳ ತಯಾರಿಕೆಯೂ ಅದರ ಒಂದು ಅಂಗವಾಗಿ ಉಳಿದುಬಂದಿದೆ. ಇವನೊಬ್ಬನೇ ಎಂದೇನೂ ಅಲ್ಲ. ಬೆಂಗಳೂರಿನ ಸಂತ ಮಾರ್ಥಾ ಆಸ್ಪತ್ರೆ 1886ರಲ್ಲಿ ತೆರೆಯಿತು. ಮೈಸೂರಿನಲ್ಲಿ 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ಥ್ ಸ್ಮಾರಕ ಆಸ್ಪತ್ರೆಯನ್ನು ನಾವು ಮಿಶನ್ ಆಸ್ಪತ್ರೆಯೆಂದೇ ಕರೆಯುವುದು. ಅಲ್ಲಿ ಹುಟ್ಟಿದ ಮೈಸೂರಿಗರ ಜಾತಿಗಳನ್ನು ಪಟ್ಟಿಮಾಡಹೊರಟರೆ ಗಣತಿಯ ಪುಸ್ತಕವೇ ಆದೀತು. ಗಂಡುವೈದ್ಯನ ಮುಂದೆ ಬರಲೊಲ್ಲದ ಹೆಂಗಸರಿಗೆ ಹೆಣ್ಣುವೈದ್ಯರನ್ನು ತಂದು ಕೂರಿಸಿದುದೂ ಅಭಯದಾನವೇ.

ಈಗ ಬೆಳಗಾವಿಗೆ ಮರಳೋಣ. ಅಲ್ಲಿಯ ಲಂಡನ್ ಮಿಶನ್ ಎಂಬತ್ತನಾಲ್ಕು ವರ್ಷ ದುಡಿದು, 1904ರಲ್ಲಿ ತನ್ನ ಕೆಲಸವನ್ನೆಲ್ಲ ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿ ಹೊರಟಿತು. ಸಭೆಗೆ ಸೇರಿದವರ ಸಂಖ್ಯೆಯನ್ನು ನೋಡಿದರೆ ಇದು ಸೋಲು. ಲಂಡನ್ನಿನಲ್ಲಿ ಕುಳಿತು ವರದಿ ಓದಿದವರು ಹಾಗೆಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ನನಗೆ ಮಾತ್ರ ಆ ಸೋಲಿನಲ್ಲಿಯೇ ಮಿಶನ್ನಿನ ಶ್ರೇಷ್ಠತೆ ಕಾಣುತ್ತದೆ. ಮತಾಂತರವಾಗದ ಜನರ ಮಕ್ಕಳಿಗೆ ತಲೆಮಾರುಗಳ ಕಾಲ ಪಾಠ ಹೇಳುವುದೆಂದರೆ ಸಾಮಾನ್ಯವೆ? ಮೊದಲ ದಶಕದಲ್ಲಿ ಅವರಿಗೆ ಆಸೆಯಿದ್ದಿರಬಹುದು; ಐದನೆಯ ದಶಕದಲ್ಲಿ ಈ ಹುಡುಗರು ಹಿಂದೂಗಳಾಗಿಯೇ, ಜೈನರಾಗಿಯೇ, ಮುಸಲ್ಮಾನರಾಗಿಯೇ ಮನೆಗೆ ಹೋಗುವರೆಂದು ತಿಳಿದೇ ಪಾಠ ಹೇಳಿದ್ದಿರಬೇಕು. ಊರಿನವರಿಗೂ ಅದು ತಿಳಿಯಿತು. ತಿಳಿದ ಮೇಲೆ ಹುಡುಗರನ್ನು ಕಳುಹಿಸಲು ಹಿಂಜರಿಕೆ ಹೋಯಿತು. ಆಸೆ ಬತ್ತಿದಷ್ಟೂ ಅಭಯ ತುಂಬಿತು. ದಂಡಿನ ಪ್ರದೇಶದಲ್ಲಿ 1856ರಿಂದ ನಡೆದುಬಂದ ಕಥೋಲಿಕರ ಸಂತ ಪೌಲ ಶಾಲೆಯಲ್ಲಿಯೂ ಎಲ್ಲ ಮತದ ಮಕ್ಕಳು ಓದುತ್ತ ಬಂದಿದ್ದಾರೆ. ಹೆಣ್ಣುಮಕ್ಕಳಿಗಾಗಿ ಮೆಥಡಿಸ್ಟರು ನಡೆಸಿದ ವನಿತಾ ವಿದ್ಯಾಲಯವೂ ಹಾಗೆಯೇ.

ಸಿಡುಬಿನ ಮಾತು ಬಂದುದರಿಂದ ಒಂದು ಸಣ್ಣ ವಿಷಯ. ಬೆಳಗಾವಿಯಲ್ಲಿಯೂ ಸಿಡುಬಿನ ಲಸಿಕೆಯನ್ನು ತಯಾರಿಸುವ ಸರಕಾರಿ ಸಂಸ್ಥೆಯೊಂದಿತ್ತು. ರೋಗವೇ ಲೋಕದಿಂದ ಹೊರಟುಹೋಗಿದೆ. 1980ರಲ್ಲಿ ಅದನ್ನು ಘೋಷಿಸಿಯೂ ಆಯಿತು. ಟಿಳಕವಾಡಿಯ ಆ ಬಯಲನ್ನು ಊರವರು ಇಂದಿಗೂ ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. ವಡಗಾವಿಯಿಂದ ಅದು ಬಹಳ ದೂರವೇನೂ ಅಲ್ಲ.

ಲಂಡನ್ ಮಿಶನ್ ತೆರೆದ ಆ ಹಳೆಯ ಶಾಲೆ ಕೈ ಬದಲಾದರೂ ಮುಚ್ಚಲಿಲ್ಲ. ಅದಕ್ಕೆ ಇಬ್ಬರು ಪಾದ್ರಿಗಳ ಹೆಸರನ್ನು ಸೇರಿಸಿ ಬೆನನ್ ಸ್ಮಿತ್ ಶಾಲೆಯೆಂದು ಹೆಸರಿಟ್ಟರು. ಬೆನನ್ ಒಬ್ಬ, ಸ್ಮಿತ್ ಇನ್ನೊಬ್ಬ. ಅವೆರಡು ಹೆಸರುಗಳೂ ಊರಿನ ಬಾಯಲ್ಲಿ ಕೂಡಿಕೊಂಡು ಈಗ ಒಬ್ಬನೇ ಮನುಷ್ಯನ ಹೆಸರಿನಂತೆ ಕೇಳುತ್ತವೆ.